ತೀರಿಹೋದ ಗೆಳೆಯನ ಮನೆಗೆ ಇಷ್ಟು ತಿಂಗಳಾದ ಮೇಲೆ ಹೋಗಬಹುದಾ?

ಹೋಗಿ. ಫೋನ್ ಬೇಡ, ಮೆಸೇಜ್ ಬೇಡ, ಎದ್ದು ಹೋಗಿ.

ಜೊತೆಗೆ ಕೆಲಸ ಮಾಡಿದ್ದ ಗೆಳೆಯ ತೀರಿಕೊಂಡು ಆರು ತಿಂಗಳಾಯ್ತು, ಈಗ ಹೋದರೆ ಅವರ ಹೆಂಡತಿಗೆ ನೋವು ಕೆದಕಿದ ಹಾಗೆ ಆಗುತ್ತಾ, ಅದರ ಬದಲು ಫೇಸ್‌ಬುಕ್‌ನಲ್ಲಿ ಅವನ ಬಗ್ಗೆ ನಾಲ್ಕು ಮಾತು ಬರೆದರೆ ಸಾಕಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ನಾನು ಎಂಟು ತಿಂಗಳು ನನಗೇ ಕೇಳಿಕೊಂಡು ಕೂತಿದ್ದೆ. ಕೊನೆಗೆ ಹೋಗುವ ಹೊತ್ತಿಗೆ ಆ ಮನೆಯ ಎರಡು ಬಳೆ, ಒಂದು ಸರ ಹರಾಜಾಗಿದ್ದವು.

ಚಾಮರಾಜಪೇಟೆಯಲ್ಲಿ, ಸಾಹಿತ್ಯ ಪರಿಷತ್ತಿಗೆ ನಡೆದು ಹೋಗುವಷ್ಟು ದೂರದ ಒಂದು ಪ್ರೆಸ್ಸಿನಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಎದುರುಬದುರು ಕೂತಿದ್ದವರು. ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವವನು, ಅವನು ಪ್ರೂಫ್ ತಿದ್ದುವವನು. ನನಗಿಂತ ಆರು ವರ್ಷಕ್ಕೆ ದೊಡ್ಡವನು, ಆದರೂ ಮೊದಲ ವಾರದಲ್ಲೇ ಹೋಗೋ ಬಾರೋ ಶುರುವಾಗಿತ್ತು. ದಿನಾ ರಾಮನಗರದಿಂದ ರೈಲಲ್ಲಿ ಬರುತ್ತಿದ್ದ. ಕಿವಿ ಮೇಲೆ ಕೆಂಪು ಪೆನ್ನು. ಓದುವಾಗ ತುಟಿ ಅಲ್ಲಾಡುತ್ತಿತ್ತು, ಸ್ವರ ಬರುತ್ತಿರಲಿಲ್ಲ. ಅಕ್ಟೋಬರ್ ಬಂತೆಂದರೆ ನಮಗೆ ನಿದ್ದೆ ಇಲ್ಲ, ಯಾಕೆಂದರೆ ಊರಲ್ಲಿರೋ ಲೇಖಕರಿಗೆಲ್ಲ ನವೆಂಬರ್ 1ಕ್ಕೇ ಪುಸ್ತಕ ಬಿಡುಗಡೆ ಆಗಬೇಕು. ಆಗಲೂ ಅವನು ಒಂದು ಪುಟ ಹಾರಿಸಿದ್ದನ್ನು ನಾನು ನೋಡಿಲ್ಲ.

ಅವನ ಜೊತೆ ಜಗಳ ಅಂದರೆ ಅರ್ಕಾವತ್ತಿನದ್ದೇ. ನುಡಿ ಅನ್ನೋ ಸಾಫ್ಟ್‌ವೇರ್‌ನಲ್ಲಿ ಹೊಡೆದದ್ದನ್ನು ಯೂನಿಕೋಡ್‌ಗೆ ತಿರುಗಿಸುವಾಗ, ಅಲ್ಲಿಂದ ಇಲ್ಲಿಗೆ ತರುವಾಗ ಒಮ್ಮೊಮ್ಮೆ ಅರ್ಕಾವತ್ತು ಮಾಯವಾಗುತ್ತೆ, ಈ ಕೆಲಸ ಮಾಡಿದವರಿಗೆ ಗೊತ್ತು. ಕರ್ನಾಟಕ ಹೋಗಿ ಕನಾಟಕ, ಸೂರ್ಯ ಹೋಗಿ ಸೂಯ. ಪ್ರೂಫ್ ತಂದು ನನ್ನ ಕೀಬೋರ್ಡ್ ಮೇಲೇ ಹಾಕಿ, "ತಲೆಕೂದಲು ಉದುರಿದಂಗೆ ಉದುರಿಸ್ತೀಯಲ್ಲೋ, ಎಣ್ಣೆ ಹಾಕು ನಿನ್ನ ಕಂಪ್ಯೂಟರ್‌ಗೆ" ಅನ್ನುತ್ತಿದ್ದ.

ಅವನಿಗೆ ಹೆದರಿಕೆ ಅಂತ ಇದ್ದದ್ದು ಇಂಗ್ಲಿಷ್ ಫಾರಂ ಕಂಡರೆ. ಪ್ರೆಸ್ಸಿನಲ್ಲಿ ಫಾರಂ ಅಂದರೆ 16 ಪುಟ. "ನಂಗೆ ಗೊತ್ತಿರೋ ಫಾರಂ ಅದೊಂದೇ, ಉಳಿದದ್ದು ನೀನೇ ನೋಡ್ಕೋ" ಅಂತ ಬ್ಯಾಂಕಿಂದ ಹಿಡಿದು ಮಗಳ ಸ್ಕೂಲಿನ ತನಕ ಎಲ್ಲ ಕಾಗದ ನನ್ನ ಮುಂದೆ ಇಡುತ್ತಿದ್ದ. ಅವನು ಬೇರೆ ಪ್ರೆಸ್ಸಿಗೆ ಸೇರಿದಾಗ ಹಳೇ ಪಿಎಫ್ ಅಲ್ಲಿಗೆ ವರ್ಗ ಮಾಡಿಸೋಕೆ ಫಾರಂ 13 ತುಂಬಿದ್ದೂ ನಾನೇ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ತಪ್ಪು ಇಲ್ಲೇ ಇರೋದು.

ನಾನೂ ಆ ಪ್ರೆಸ್ ಬಿಟ್ಟು ಮಂಗಳೂರಿಗೆ ಹೋಗಿದ್ದೆ. 2022ರ ಜೂನ್‌ನಲ್ಲಿ ಒಂದು ಸಂಜೆ ಹಳೇ ಗ್ರೂಪಿನಲ್ಲಿ ಸುದ್ದಿ ಬಂತು. ಹೃದಯಾಘಾತ, 47 ವರ್ಷ, ಮಣ್ಣು ಆಗಿಹೋಗಿದೆ. ಇನ್ನು ಹೋಗಿ ಏನು ಮಾಡೋದು, ತಿಥಿಗೆ ಹೋಗೋಣ ಅಂದುಕೊಂಡೆ. ತಿಥಿಯ ದಿನ ರಜೆ ಸಿಗಲಿಲ್ಲ. ನಿಜ ಹೇಳಬೇಕಂದ್ರೆ ನಾನು ಗಟ್ಟಿಯಾಗಿ ಕೇಳಲೇ ಇಲ್ಲ. ಆಮೇಲೆ ಆಷಾಢ. ಆಮೇಲೆ ಒಂದು ಸಲ ಬೆಂಗಳೂರಿಗೆ ಬಂದವನಿಗೆ ಮಂಗಳವಾರವೇ ಬಿಡುವು, ಮಂಗಳವಾರ ಸಾವಿನ ಮನೆಗೆ ಹೋಗಬಾರದು ಅಂತ ನಮ್ಮತ್ತೆ ಹೇಳಿದ್ದೇ ತಡ, ನಾನು ಒಪ್ಪಿಕೊಂಡುಬಿಟ್ಟೆ. ಬೇರೆ ಯಾವ ವಿಷಯದಲ್ಲೂ ನಾನು ಅತ್ತೆ ಮಾತು ಕೇಳಿದವನಲ್ಲ. ದಸರಾ ಹೊತ್ತಿಗೆ ಇನ್ನೊಂದು ಭಯ ಸೇರಿಕೊಂಡಿತು. ಇಷ್ಟು ದಿನ ಬರದವನು ಈಗ್ಯಾಕೆ ಬಂದ ಅಂದರೆ? ತಡವಾಗಿದ್ದಕ್ಕೆ ನಾಚಿಕೆ, ನಾಚಿಕೆಗೆ ಇನ್ನಷ್ಟು ತಡ. ಅದಕ್ಕೆ "ಅವರನ್ನು ಈಗ ನೋಯಿಸೋದು ಬೇಡ" ಅಂತ ಹೆಸರಿಟ್ಟುಕೊಂಡೆ. ನೀವು ಬರೆದಿರೋ "ನೋವು ಕೆದಕಿದ ಹಾಗೆ" ಅನ್ನೋದೂ ಅದೇ ಜಾತಿಯ ಮಾತು, ಬೇಜಾರು ಮಾಡ್ಕೋಬೇಡಿ. ಅಲ್ಲಿ ನೋವು ಮುಚ್ಚಿದ್ದರೆ ತಾನೇ ನೀವು ಕೆದಕೋದು?

ಅದರ ನಡುವೆ ನಾನು ಫೇಸ್‌ಬುಕ್‌ನಲ್ಲಿ ಬರೆದೂ ಇದ್ದೆ. ಕೆಂಪು ಪೆನ್ನು, ಅರ್ಕಾವತ್ತು, ರಾಮನಗರದ ರೈಲು ಎಲ್ಲ ಹಾಕಿ. ಇನ್ನೂರಕ್ಕೂ ಜಾಸ್ತಿ ಲೈಕ್ ಬಂದವು. ಅವನ ಹೆಂಡತಿಗೆ ಫೇಸ್‌ಬುಕ್ ಇಲ್ಲ.

ಫೆಬ್ರವರಿಯಲ್ಲಿ ಹೋದೆ. ಅತ್ತಿಗೆ ಬಾಗಿಲಲ್ಲೇ ಗುರುತು ಹಿಡಿದರು. ಅಳಲಿಲ್ಲ. ಯಾಕೆ ಬರಲಿಲ್ಲ ಅಂತಲೂ ಕೇಳಲಿಲ್ಲ. ಕಾಫಿ ಕೊಟ್ಟು ಎದುರಿಗೆ ಕೂತು ಅವರು ಕೇಳಿದ ಮೊದಲ ಪ್ರಶ್ನೆ, "ಡಬ್ಬಿ ಪೂರ್ತಿ ತಿಂತಿದ್ರಾ ಅವ್ರು?"

ನನಗೆ ಒಂದು ನಿಮಿಷ ಅರ್ಥವಾಗಲಿಲ್ಲ. ಹದಿನೆಂಟು ವರ್ಷ ಬೆಳಗ್ಗೆ ಐದಕ್ಕೆದ್ದು ಡಬ್ಬಿ ಕಟ್ಟಿದವರು ಅವರು. ಅವನು ಅದನ್ನು ಬಿಚ್ಚೋದನ್ನು ಒಂದು ದಿನವೂ ನೋಡಿಲ್ಲ. ನಾನು ದಿನಾ ನೋಡಿದ್ದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ ಅತ್ತಿಗೆ, ಹಾಗಲಕಾಯಿ ಗೊಜ್ಜು ಹಾಕಿದ ದಿನ ಅದು ನನ್ನ ಪಾಲಿಗೆ ಬರ್ತಿತ್ತು" ಅಂದೆ. "ಅಯ್ಯೋ, ಚೆನ್ನಾಗಿತ್ತು ಇನ್ನೊಂದ್ಸಲ ಮಾಡು ಅಂತಿದ್ರಲ್ಲ!" ಅಂತ ನಗೋಕೆ ಶುರು ಮಾಡಿದವರು ಸೆರಗಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಒಳಗಿದ್ದ ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು. ಎರಡು ಗಂಟೆ ಹೇಳಿದ್ದೇ ಹೇಳಿದ್ದು. ಮನೆಯವರ ಹತ್ತಿರ ಅವನ ರಾತ್ರಿ, ಭಾನುವಾರ ಇತ್ತು. ಹಗಲೆಲ್ಲ ನನ್ನ ಹತ್ತಿರ ಇತ್ತು. ನಾನು ಅದನ್ನು ಎಂಟು ತಿಂಗಳು ಕೊಡದೆ ಇಟ್ಟುಕೊಂಡಿದ್ದೆ.

ಹೊರಡುವಾಗ ಸುಮ್ನೆ ಕೇಳಿದೆ, ಪಿಎಫ್‌ದೆಲ್ಲ ಆಯ್ತಾ ಅಂತ. ಏನೋ ಬರುತ್ತೆ ಅಂದಿದ್ದಾರೆ, ಕಾಗದ ಕೊಡಬೇಕಂತೆ ಅಂದರು. ಇನ್ಶೂರೆನ್ಸ್? ಯಾವ ಇನ್ಶೂರೆನ್ಸ್? ಅಂದರು.

ಪಿಎಫ್ ಇರುವ ಕೆಲಸದಲ್ಲಿದ್ದಾಗಲೇ ತೀರಿಕೊಂಡರೆ ಇಡಿಎಲ್ಐ ಅಂತ ವಿಮೆಯ ಹಣ ಬರುತ್ತೆ. 1976ರಿಂದ ಇರೋ ಯೋಜನೆ. ನೌಕರನ ಸಂಬಳದಿಂದ ಅದಕ್ಕೆ ಒಂದು ಪೈಸೆ ಹಿಡಿಯಲ್ಲ, ಮಾಲೀಕರೇ ಕಟ್ಟೋದು, ಅದಕ್ಕೇ ಪೇಸ್ಲಿಪ್‌ನಲ್ಲಿ ಕಾಣಲ್ಲ, ಮನೆಯವರಿಗೆ ಗೊತ್ತೂ ಆಗಲ್ಲ. 2021ರಿಂದ ಗರಿಷ್ಠ 7 ಲಕ್ಷ. ಫಾರಂ 5 ಐಎಫ್. ಪಿಎಫ್ ಹಣಕ್ಕೆ ಫಾರಂ 20. ಪಿಂಚಣಿಗೆ 10 ಡಿ, ಹೆಂಡತಿಗೂ ಬರುತ್ತೆ, 25 ತುಂಬೋ ತನಕ ಇಬ್ಬರು ಮಕ್ಕಳಿಗೂ ಬರುತ್ತೆ. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡೋ ಇಡಿಗಂಟಿಗೆ, ಐದು ವರ್ಷ ಸರ್ವೀಸ್ ಆಗಿರಬೇಕು ಅಂತಾರಲ್ಲ, ಸಾವಿನ ಸಂದರ್ಭದಲ್ಲಿ ಆ ಷರತ್ತು ಇಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಅವನ ಸುತ್ತ ಇದ್ದವರಲ್ಲಿ ಗೊತ್ತಿದ್ದವನು ನಾನೊಬ್ಬನೇ ಅಂತಲೂ ಗೊತ್ತಿತ್ತು. ಅವನ ಹೊಸ ಪ್ರೆಸ್ಸಿನವರು ಹೇಳಬೇಕಿತ್ತು, ನಿಜ. ಆದರೆ ಅವರು ಅವನ ಹಾಗಲಕಾಯಿ ತಿಂದಿರಲಿಲ್ಲ.

ಆ ಬಳೆ, ಸರ ಹಿಂದಿನ ವರ್ಷ ಮನೆ ಮೇಲ್ಛಾವಣಿಗೆ ಅಂತ ಅವನೇ ಅಡ ಇಟ್ಟಿದ್ದಂತೆ. ಅವನು ಹೋದ ಮೇಲೆ ಬಡ್ಡಿ ಕಟ್ಟೋಕೆ ಆಗಲಿಲ್ಲ. ನಾನು ಹೋಗೋದಕ್ಕೆ ಮೂರು ವಾರ ಮುಂಚೆ ಹರಾಜಾಯ್ತು. ಅರ್ಜಿ ಹಾಕಿದ ಮೇಲೆ ವಿಮೆಯದ್ದು ಐದು ಲಕ್ಷ ಚಿಲ್ಲರೆ ಬಂತು. ಒಡವೆ ವಾಪಸ್ ಬರಲಿಲ್ಲ, ಅದರಲ್ಲಿ ಸರ ಅತ್ತಿಗೆಯ ತಾಯಿಯದ್ದು. ನಾನು ತಿಥಿಗೆ ಹೋಗಿ ಅರ್ಧ ಗಂಟೆ ಕೂತು ಈ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ನಿಮ್ಮ ಗೆಳೆಯನ ಮನೆಯಲ್ಲಿ ಇಂಥ ತೊಂದರೆ ಇರಲಿಕ್ಕಿಲ್ಲ, ಇಲ್ಲದಿದ್ದರೆ ಒಳ್ಳೆಯದೇ. ಆದರೂ ಕೇಳಿ. ಏನು ಮಾತಾಡೋದು ಅಂತ ತಯಾರಿ ಮಾಡ್ಕೊಂಡು ಹೋಗಬೇಡಿ, "ಧೈರ್ಯ ತಗೊಳ್ಳಿ" ಅಂತ ದಯವಿಟ್ಟು ಹೇಳಬೇಡಿ. ಅವನು ಆಫೀಸಲ್ಲಿ ಎಲ್ಲಿ ಕೂರ್ತಿದ್ದ, ಯಾರಿಗೆ ಬೈತಿದ್ದ, ಟೀಗೆ ಎಷ್ಟು ಸಕ್ಕರೆ, ಅದನ್ನು ಹೇಳಿ. ಫೇಸ್‌ಬುಕ್‌ನಲ್ಲಿ ಬರೆಯೋದಾದರೆ ಹೋಗಿಬಂದ ಮೇಲೆ ಬರೆಯಿರಿ, ಆಗ ಬಹುಶಃ ಬರೀಬೇಕು ಅನಿಸೋದೇ ಇಲ್ಲ.

ವರ್ಷದ ಕಾರ್ಯಕ್ಕೆ ಕಾರ್ಡು ನಾನೇ ಮಾಡಿಸಿಕೊಡ್ತೀನಿ ಅಂದಿದ್ದೆ. ನೂರೈವತ್ತು ಕಾರ್ಡು ಹೊಡೆಸಿ ರಾಮನಗರಕ್ಕೆ ತಗೊಂಡು ಹೋದೆ. ಮಗಳು ಒಂದನ್ನು ತೆಗೆದು ಓದಿದಳು. ಅವಳದ್ದೂ ತುಟಿ ಅಲ್ಲಾಡುತ್ತೆ. "ಅಂಕಲ್," ಅಂದಳು, "ಪ್ರಥಮ ವಷದ ಅಂತ ಆಗಿದೆ."

ಆ ರಾತ್ರಿ ನಾವು ಮೂವರೂ ಕಪ್ಪು ಪೆನ್ನು ಹಿಡಿದು ಕೂತು ನೂರೈವತ್ತಕ್ಕೂ ಅರ್ಕಾವತ್ತು ಹಾಕಿದೆವು.