4,000ದ ಊಟಕ್ಕೆ 4,620 ಬಿಲ್: ಪ್ರತಿಕ್ರಿಯೆ

4,000 ರೂಪಾಯಿಯ ಊಟಕ್ಕೆ ಬಿಲ್ 4,620 ಏಕೆ ಬಂತು ಎಂದು ಕೇಳಿದ್ದೀರಿ. ಇದಕ್ಕೆ ಕಾರಣ ಬಹುಶಃ ಸರ್ವಿಸ್ ಚಾರ್ಜ್, ಅಂದರೆ ಬಡಿಸಿದ್ದಕ್ಕೆಂದು ರೆಸ್ಟೋರೆಂಟ್ ತಾನೇ ಸೇರಿಸುವ ಶುಲ್ಕ. ಇಬ್ಬರ ಊಟಕ್ಕೆ 4,000, ಅದರ ಮೇಲೆ ಶೇ 10 ಅಂದರೆ 400, ಆ 4,400ಕ್ಕೆ ಶೇ 5 ಜಿಎಸ್‌ಟಿ 220. ನೀವು ಹೇಳಿದ 4,620ಕ್ಕೆ ಲೆಕ್ಕ ಸರಿಹೋಗುತ್ತದೆ. ಜಿಎಸ್‌ಟಿ ಕೊಡಲೇಬೇಕು, ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಅದನ್ನು ತೆಗೆದರೆ 4,200.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜುಲೈ ಮಾರ್ಗಸೂಚಿ ಪ್ರಕಾರ ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಲ್ಲೂ ಕೇಳುವಂತಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಈ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಮೇಲ್ಮನವಿ ಸಲ್ಲಿಕೆಯಾಗಿರುವುದರಿಂದ ಕೆಲವು ಮ್ಯಾನೇಜರ್‌ಗಳು ವಾದಕ್ಕೆ ಇಳಿಯಬಹುದು.

ಮುಂದಿನ ಸಲ ಆರ್ಡರ್ ಮಾಡುವ ಮೊದಲೇ ಮೆನುವಿನ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಸರ್ವಿಸ್ ಚಾರ್ಜ್ ಎಂದಿದೆಯೇ ನೋಡಿ. ಬಿಲ್ ಬಂದಾಗ ಅದನ್ನು ಸರಿಪಡಿಸಿಕೊಳ್ಳುವ ಮೊದಲೇ ಕಾರ್ಡ್ ಕೊಡಬೇಡಿ. ಹಣ ಹೋದಮೇಲೆ ರೀಫಂಡ್‌ಗೆ ಅಲೆಯಬೇಕು. ಗೆಳೆಯರ ಎದುರು ಮುಜುಗರವಾದರೆ ಎದ್ದು ಕೌಂಟರಿಗೆ ಹೋಗಿ, ‘ಸರ್ವಿಸ್ ಚಾರ್ಜ್ ತೆಗೆದು ಹೊಸ ಬಿಲ್ ಕೊಡಿ’ ಎನ್ನಿ. ಕೈಯಲ್ಲಿ ಗೀಚಿ ತಿದ್ದಿದ್ದು ಬೇಡ, ಜಿಎಸ್‌ಟಿಯೂ ಇಳಿಯಬೇಕಲ್ಲ. ಬಡಿಸಿದವರಿಗೆ ಟಿಪ್ಸ್ ಕೊಡುವ ಮನಸ್ಸಿದ್ದರೆ ನಗದಾಗಿ ಅವರ ಕೈಗೇ ಕೊಡಿ.

ಬಿಲ್ಲಿನಲ್ಲಿ ಜಿಎಸ್‌ಟಿ ಶೇ 18 ಎಂದಿದ್ದರೆ ಗಾಬರಿ ಬೇಡ: ದುಬಾರಿ ಕೋಣೆಗಳ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಆ ದರ ಇರುತ್ತದೆ. ಮದ್ಯಕ್ಕೆ ಮಾತ್ರ ಜಿಎಸ್‌ಟಿ ಇಲ್ಲ.

ಈಗಾಗಲೇ ಕೊಟ್ಟಿರುವ ಹಣಕ್ಕೆ ಮೊದಲು ಬಿಲ್ಲಿನ ಫೋಟೊ ಸಹಿತ ರೆಸ್ಟೋರೆಂಟಿಗೆ ಇಮೇಲ್ ಹಾಕಿ 420 ರೂಪಾಯಿ ವಾಪಸ್ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.