ಶಾಖೆಗಳಿಗೆ ಇಂಟರ್‌ನೆಟ್ ದಾರಿ

ಪ್ರಶ್ನೆ: ನಮ್ಮ ಸಹಕಾರ ಸಂಘದ ಶಿವಮೊಗ್ಗ ಕಚೇರಿಯನ್ನೂ ಸಾಗರ, ತೀರ್ಥಹಳ್ಳಿ ಶಾಖೆಗಳನ್ನೂ ಸಿಸ್ಕೊ ರೂಟರ್‌ಗಳಲ್ಲಿ ಓಎಸ್‌ಪಿಎಫ್ (ರೂಟರ್‌ಗಳು ತಮಗೆ ಗೊತ್ತಿರುವ ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ವ್ಯವಸ್ಥೆ) ಬಳಸಿ ಜೋಡಿಸಿದ್ದೇವೆ. ಶಿವಮೊಗ್ಗದಲ್ಲಿ ಸ್ಟ್ಯಾಟಿಕ್ ಡಿಫಾಲ್ಟ್ ರೂಟ್ (ಬೇರೆ ದಾರಿ ಗೊತ್ತಿಲ್ಲದ ವಿಳಾಸಗಳಿಗೆಲ್ಲ ಕೈಯಾರೆ ಬರೆದಿಟ್ಟ ದಾರಿ) ಇದ್ದು, ‘ರೀಡಿಸ್ಟ್ರಿಬ್ಯೂಟ್ ಸ್ಟ್ಯಾಟಿಕ್’ ಕೊಟ್ಟರೂ ಶಾಖೆಗಳಿಗೆ ಇಂಟರ್‌ನೆಟ್ ಸಿಗುತ್ತಿಲ್ಲ, ಏಕೆ?
– ಓದುಗರೊಬ್ಬರು, ಸಾಗರ

ಉತ್ತರ: ಆ ಆದೇಶವು ಉಳಿದ ಸ್ಟ್ಯಾಟಿಕ್ ರೂಟ್‌ಗಳನ್ನು ಓಎಸ್‌ಪಿಎಫ್‌ಗೆ ಸೇರಿಸುತ್ತದೆಯೇ ಹೊರತು 0.0.0.0/0, ಅಂದರೆ ಡಿಫಾಲ್ಟ್ ರೂಟ್ ಅನ್ನು ಸೇರಿಸುವುದಿಲ್ಲ. ಶಿವಮೊಗ್ಗದ ರೂಟರ್‌ನಲ್ಲಿ ಓಎಸ್‌ಪಿಎಫ್ ಅಡಿಯಲ್ಲಿ ‘ಡಿಫಾಲ್ಟ್-ಇನ್ಫರ್ಮೇಶನ್ ಒರಿಜಿನೇಟ್’ ಎಂದು ಬರೆಯಿರಿ. ಬಳಿಕ ಶಾಖೆಗಳ ರೂಟಿಂಗ್ ಪಟ್ಟಿಯಲ್ಲಿ ‘ಓ*ಇ2’ ಗುರುತಿನೊಡನೆ ಡಿಫಾಲ್ಟ್ ರೂಟ್ ಕಾಣಿಸಬೇಕು. ಶಾಖೆಗಳ ವಿಳಾಸಗಳು ಶಿವಮೊಗ್ಗದ ನ್ಯಾಟ್ (ಒಳಗಿನ ವಿಳಾಸಗಳನ್ನು ಇಂಟರ್‌ನೆಟ್ ವಿಳಾಸಕ್ಕೆ ಬದಲಿಸುವ) ನಿಯಮದಲ್ಲಿ ಸೇರಿವೆಯೇ ಎಂಬುದನ್ನೂ ನೋಡಿಕೊಳ್ಳಿ.

ಅನೇಕರು ಇದಕ್ಕೆ ‘ಆಲ್ವೇಸ್’ ಪದವನ್ನೂ ಸೇರಿಸುತ್ತಾರೆ. ನಿಮಗೆ ಅದು ಬೇಡವೆಂದೇ ನನ್ನ ಸಲಹೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗುವುದು ಮಲೆನಾಡಿಗೆ ಹೊಸತಲ್ಲ. ಆಗ ಶಿವಮೊಗ್ಗದ ಸ್ವಂತ ಡಿಫಾಲ್ಟ್ ರೂಟ್ ಅಳಿದರೂ, ‘ಆಲ್ವೇಸ್’ ಇದ್ದರೆ ಆ ರೂಟರ್ ತನ್ನತ್ತಲೇ ದಾರಿಯಿದೆಯೆಂದು ಸಾರುತ್ತಲೇ ಇದ್ದು, ಬಂದ ಪ್ಯಾಕೆಟ್‌ಗಳನ್ನೆಲ್ಲ ಅಲ್ಲಿಯೇ ಕೈಬಿಡುತ್ತದೆ. ಕೇಬಲ್ ದೂರದಲ್ಲೆಲ್ಲೋ ತುಂಡಾಗಿ ಇಂಟರ್‌ಫೇಸ್ ಮಾತ್ರ ಚಾಲೂ ಇದ್ದರೆ ಸ್ಟ್ಯಾಟಿಕ್ ರೂಟ್ ತಾನಾಗಿ ಅಳಿಯುವುದಿಲ್ಲವಾದ್ದರಿಂದ, ಹೊರಗಿನ ವಿಳಾಸವೊಂದನ್ನು ಪಿಂಗ್ ಮಾಡಿ ಪರೀಕ್ಷಿಸುವ ಐಪಿ ಎಸ್‌ಎಲ್‌ಎಯನ್ನು ಅದಕ್ಕೆ ಜೋಡಿಸಿ.

ಮುಂದೆ ಸಾಗರದಲ್ಲೂ ಇಂಟರ್‌ನೆಟ್ ಸಂಪರ್ಕ ಪಡೆದರೆ, ಅಲ್ಲಿನ ಸ್ಟ್ಯಾಟಿಕ್ ಡಿಫಾಲ್ಟ್ ರೂಟ್‌ಗೆ 120ರ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ (ಈ ಸಂಖ್ಯೆ ಕಡಿಮೆಯಿರುವ ದಾರಿಗೇ ಆದ್ಯತೆ) ಕೊಟ್ಟು, ‘ಡಿಫಾಲ್ಟ್-ಇನ್ಫರ್ಮೇಶನ್ ಒರಿಜಿನೇಟ್’ ಆದೇಶವನ್ನು ಅಲ್ಲಿಯೂ ಬರೆಯಿರಿ. ಓಎಸ್‌ಪಿಎಫ್‌ನದು 110 ಆಗಿರುವುದರಿಂದ, ಶಿವಮೊಗ್ಗದ ದಾರಿ ಇರುವವರೆಗೆ ಸಾಗರದ್ದು ಸುಮ್ಮನಿದ್ದು, ಅದು ಕಡಿದಾಗ ತಾನಾಗಿಯೇ ಮುಂದೆ ಬರುತ್ತದೆ.