ಮಾಟ ಇರಲಿ, ಸತ್ತವರು ಮಾತಾಡುವುದು ಬೇಡ

ತಂಗಿ, ನೀವು ಹಾಕಿದ ಮೂರೂ ಅಧ್ಯಾಯ ಓದಿದೆ. ಅವ್ವನನ್ನು ಕಳೆದುಕೊಂಡ ಹುಡುಗಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ ಬಂದು ಮಾಟ ಬಲ್ಲ ಮುದುಕಿಯ ಮನೆ ಸೇರುತ್ತಾಳೆ, ಅಲ್ಲಿ ಆಗಲೇ ದಿಕ್ಕಿಲ್ಲದ ಇಬ್ಬರಿದ್ದಾರೆ. ಓದುವವರಿಗೆ ಹೆದರಿಕೆಯಾಗಬಾರದು, ಆದರೂ ಮಾಟ ಮಾಟದ ಹಾಗೇ ಇರಬೇಕು, ಹೇಗೆ ಅಂತ ಕೇಳಿದ್ದೀರಿ.

ಮೊದಲು, ಅವ್ವನ ದನಿ ಕೇಳಿಸುವ ಭಾಗ ತೆಗೆದುಬಿಡಿ. ಸತ್ತವರು ಒಂದು ಸಲ ಮಾತಾಡಿದರೆ ಓದುವವರು ಇನ್ನೊಂದು ಸಲಕ್ಕೆ ಕಾಯುತ್ತಾ ಕೂರುತ್ತಾರೆ, ಮನೆಯಲ್ಲಿ ಬದುಕಿರುವವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಿಂಬೆಹಣ್ಣು, ಸೂಜಿ ಚುಚ್ಚಿದ ಗೊಂಬೆಯೂ ಬೇಡ.

ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಕಥೆ ನಿಮಗೆ ಗೊತ್ತೇ ಇರುತ್ತದೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ಗೆದ್ದ ಮೇಲೆ ಅವರ ಕಡೆಯವರು ಒಡವೆಗಾಗಿ ಆಕೆಯನ್ನು ಅಟ್ಟಿಸಿಕೊಂಡು ಬಂದರಂತೆ. ಆಕೆ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ" ಅಂತ ಶಪಿಸಿ ಕಾವೇರಿಗೆ ಹಾರಿದಳು. ನನ್ನ ಮನಸ್ಸು ಯಾವಾಗಲೂ ನಿಲ್ಲುವುದು ಆಮೇಲೆ ನಡೆದದ್ದರ ಮೇಲೆ. ಶಾಪ ಕೊಟ್ಟವಳ ವಿಗ್ರಹವನ್ನೇ ಅರಮನೆಯಲ್ಲಿಟ್ಟು ಪೂಜಿಸುತ್ತಾ ಬಂದರು.

ನಿಮ್ಮ ಮುದುಕಿಯ ವಿದ್ಯೆಯೂ ಇದೇ ಆಗಲಿ. ಶ್ರೀರಂಗಪಟ್ಟಣದ ಹತ್ತಿರವೇ ಕಾವೇರಿ ದಡದಲ್ಲಿ ಪಶ್ಚಿಮವಾಹಿನಿ ಇದೆಯಲ್ಲ, ಎಲ್ಲೆಲ್ಲಿಂದಲೋ ಬಂದು ಅಸ್ಥಿ ಬಿಡುತ್ತಾರೆ. ಸತ್ತವರ ಮೇಲಿನ ಕೋಪ, ಬಾಯಿಬಿಟ್ಟು ಹೇಳಲಾಗದ್ದು, ಅದೆಲ್ಲ ಮೆಟ್ಟಿಲ ಮೇಲೇ ಉಳಿದುಹೋಗುತ್ತದೆ ಅಂದುಕೊಳ್ಳಿ. ಮುದುಕಿ ಅದನ್ನು ಮನೆಗೆ ತಂದು ಸಾಕಲಿ. ಅಡುಗೆಮನೆ ಮೂಲೆಯ ಗಡಿಗೆಯಲ್ಲೊಂದು ಶಾಪ, ಅದಕ್ಕೆ ದಿನಾ ಒಂದು ತುತ್ತು ಮುದ್ದೆ. ಮರೆತರೆ ರಾತ್ರಿಯೆಲ್ಲ ಗೊಣಗುತ್ತದೆ. ಇದಕ್ಕೆ ಅವಳು ತೆತ್ತ ಬೆಲೆಯೂ ಕಾಣಬೇಕು: ಒಂದೊಂದು ಶಾಪಕ್ಕೆ ಒಂದೊಂದು ರುಚಿ ಹೋಗಿದೆ. ಈಗ ಅವಳಿಗೆ ಉಪ್ಪು ಗೊತ್ತಾಗುವುದಿಲ್ಲ, ಸಾರಿಗೆ ಉಪ್ಪು ನೋಡುವುದು ಹುಡುಗಿಯ ಕೆಲಸ. ಹುಡುಗಿ ಆ ಮನೆಗೆ ಬೇಕಾದವಳು ಅನ್ನುವುದು ಇಷ್ಟರಲ್ಲೇ ಬಂತು. "ಇನ್ನು ನಾವೇ ನಿನ್ನ ಮನೆಯವರು" ಅನ್ನುವ ಆ ಮಾತು ಅಳಿಸಿಹಾಕಿ.

ಉಳಿದಿಬ್ಬರ ಜೊತೆ ಹುಡುಗಿಯನ್ನೂ ಆಲೆಮನೆ ಕೆಲಸಕ್ಕೆ ಹಚ್ಚಿ. ಅಲ್ಲಿ ಒಬ್ಬರ ಕೈಯಲ್ಲಿ ಏನೂ ಆಗುವುದಿಲ್ಲ. ಗಾಣಕ್ಕೆ ಕಬ್ಬು ಕೊಡುವವರು ಒಬ್ಬರಾದರೆ, ಒಲೆಗೆ ಸಿಪ್ಪೆ ತಳ್ಳುವವರು ಇನ್ನೊಬ್ಬರು, ಕೊಪ್ಪರಿಗೆಯ ಪಾಕ ನೋಡುವವರು ಮತ್ತೊಬ್ಬರು. ಹದ ತಪ್ಪಿದರೆ ಬೆಲ್ಲ ಅಚ್ಚಿನಲ್ಲಿ ಕೂರುವುದಿಲ್ಲ. ಹುಡುಗಿ ಅಳಲು ಎದ್ದುಹೋದಾಗ ಯಾರೂ ಹಿಂದೆ ಹೋಗಿ ಸಮಾಧಾನ ಹೇಳುವುದು ಬೇಡ, ಅವಳ ಜಾಗಕ್ಕೆ ಒಬ್ಬರು ಬಂದು ನಿಂತರೆ ಸಾಕು.

ಕಥೆಯ ಗಟ್ಟಿ ಜಾಗ ಮಹಾಲಯ ಅಮಾವಾಸ್ಯೆ ಆಗಲಿ. ಹಾಲುತುಪ್ಪ, ತಿಥಿ ಎಲ್ಲ ನೆಂಟರ ಗದ್ದಲದಲ್ಲೇ ಮುಗಿದಿರುತ್ತದೆ, ಅವಳಿಗೆ ದುಃಖಪಡಲೂ ಬಿಡುವು ಸಿಕ್ಕಿರುವುದಿಲ್ಲ. ಎಡೆ ಇಡುವಾಗ ನಾಲ್ಕೂ ಜನ ತಮ್ಮ ತಮ್ಮವರಿಗೆ ಇಷ್ಟವಾದದ್ದನ್ನು ಮಾಡಲಿ. ಅವ್ವನ ಮೇಲೆ ಹುಡುಗಿಗಿರುವ ಕೋಪವೂ ಆವತ್ತೇ ಹೊರಬರಲಿ, ಮುದುಕಿ ಅದಕ್ಕೊಂದು ಗಡಿಗೆ ತೊಳೆದಿಡಲಿ.

ತಿದ್ದಿ ಹಾಕಿದಾಗ ನನ್ನನ್ನು ಟ್ಯಾಗ್ ಮಾಡಿ, ಖಂಡಿತ ಓದುತ್ತೇನೆ.